ಕಾಳಕ್ಕನ ಹೇನಿನ ಔಷಧಿ

ಒಂದು ವಾರದಿಂದ ನನ್ನ ತಲೆಯೊಳಗೆ ಒಂದೇ ಚಿಂತೆ ಹರಿದಾಡುತ್ತಿತ್ತು. ನನ್ನ ಮಗಳು ಅಂಜಲಿಯ ತಲೆಯ ಮೇಲೆ ಹರಿದಾಡುತ್ತಿದ್ದದ್ದು ಬರೀ ಹೇನು. ಹೇನು ಯಾವ ಮಗುವಿಗೆ ಆಗುವುದಿಲ್ಲ? ಶಾಲೆಯಲ್ಲಿ ಮಕ್ಕಳು ತಲೆಗೆ ತಲೆ ತಾಗಿಸಿ ಕೂತು ಗುಟ್ಟು ಹೇಳಿಕೊಳ್ಳುತ್ತವೆ, ಗುಟ್ಟಿನ ಜೊತೆಗೆ ಹೇನೂ ಈ ತಲೆಯಿಂದ ಆ ತಲೆಗೆ ದಾಟುತ್ತದೆ. ಅದಕ್ಕಾಗಿ ನಾನೇನೂ ನಿದ್ದೆ ಕೆಡಿಸಿಕೊಂಡಿರಲಿಲ್ಲ. ಅಂದರೆ, ಬಹಳ ಕೆಡಿಸಿಕೊಂಡಿರಲಿಲ್ಲ. ನನ್ನನ್ನು ಕಾಡಿದ್ದು, ಆ ಸುದ್ದಿ ಊರಿನಲ್ಲಿರುವ ಕಾಳಕ್ಕನ ಕಿವಿಗೆ ಬಿದ್ದದ್ದು.

ಕಾಳಕ್ಕ ನನ್ನ ಗಂಡ ರವೀಂದ್ರನ ದೊಡ್ಡಮ್ಮ. ನನಗೆ ದೊಡ್ಡತ್ತೆ. ಊರಿನ ಚಿಕ್ಕವರಿಂದ ಮುದುಕರವರೆಗೆ ಎಲ್ಲರಿಗೂ ಕಾಳಕ್ಕ. ನಾವು ಹೊಸದುರ್ಗ ಪೇಟೆಯಲ್ಲಿದ್ದೇವೆ, ರವೀಂದ್ರನಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ. ಅವರ ಊರು ಶ್ರೀರಾಂಪುರದಲ್ಲಿ ಬಸ್ಸಿಳಿದು ಇನ್ನೂ ಒಳಗೆ. ಸುದ್ದಿ ಮಾತ್ರ ಬಸ್ಸಿಗೆ ಕಾಯುವುದಿಲ್ಲ. ಅಂಜಲಿ ತಲೆ ಕೆರೆದುಕೊಂಡ ಮಾರನೆಯ ದಿನವೇ ಫೋನ್ ಬಂತು.

"ಸುಚೀ, ಬರೋ ಸೋಮವಾರ ಕುರಿಗೆ ಔಷಧಿ ಹಾಕ್ತೀವಿ ಕಣಮ್ಮ. ಕೂಸಿನ್ನ ಕರ್ಕಂಡು ಬಾ. ಅದರ ತಲೇನೂ ಅವತ್ತೇ ತೊಳದುಬಿಡಾಣ. ಆಮೇಲೆ ಒಂದು ಹೇನು ಉಳದಿದ್ರೆ ನನ್ನ ಹೆಸರು ಕಾಳಕ್ಕನೇ ಅಲ್ಲ."

ಯಾವುದರಲ್ಲಿ ತೊಳೆಯುತ್ತೀರಿ ಅಂತ ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಕುರಿಗಳ ಮೈಯ ಉಣ್ಣಿ ಸಾಯಲೆಂದು ತೊಟ್ಟಿಯ ನೀರಿಗೆ ಒಂದು ಔಷಧಿ ಬೆರೆಸುತ್ತಾರೆ. ಕುರಿಗಳೆಲ್ಲ ಮುಳುಗಿ ಎದ್ದ ಮೇಲೆ ತಳದಲ್ಲಿ ಹಾಲಿನ ಬಣ್ಣದ ನೀರು ಉಳಿಯುತ್ತದೆ. ಆ ಉಳಿದ ನೀರಿನಲ್ಲಿ ನಮ್ಮ ದೊಡ್ಡತ್ತೆ ಕೇರಿಯ ಮಕ್ಕಳ ತಲೆ ತೊಳೆಯುತ್ತಾರೆ.

ಹೀಗೆ ಬರೆದರೆ ನೀವು ಯಾರೋ ಒಬ್ಬ ಮೊಂಡು ಮುದುಕಿಯನ್ನು ಕಲ್ಪಿಸಿಕೊಂಡೀರಿ. ಹಾಗಲ್ಲ. ಊರಿನಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಇಷ್ಟವಾದವರು ಅವರು. ಎತ್ತರದ ಆಳು, ಅಷ್ಟೇ ಎತ್ತರದ ದನಿ. ರೊಪ್ಪದ ಬಾಗಿಲಲ್ಲಿ ನಿಂತು "ಹೇಯ್" ಅಂದರೆ ಒಳಗಿನ ಕುರಿಗಳ ಜೊತೆಗೆ ರಸ್ತೆಯಲ್ಲಿ ಹೋಗುವ ಬೈಕಿನವರೂ ನಿಲ್ಲುತ್ತಾರೆ. ಬಾಯಲ್ಲಿ ಸದಾ ಎಲೆ ಅಡಿಕೆ. ಇಬ್ಬರು ಹೆಣ್ಣುಮಕ್ಕಳನ್ನೂ ರಾಮಗಿರಿ ಕಡೆ ಕೊಟ್ಟಿದ್ದಾರೆ. ಅವರು ತವರಿಗೆ ಬಂದರೆ ಮನೆಯ ನಗು ಊರ ಬಾಗಿಲಿಗೆ ಕೇಳುತ್ತದೆ. ಬೇಸಿಗೆಯಲ್ಲಿ ಗಂಡ ಕರಿಸಿದ್ದಪ್ಪನವರ ಜೊತೆ ಮಂದೆ ಹೊಡೆದುಕೊಂಡು ಗದ್ದೆ ಬಯಲಿನ ಕಡೆ ಹೋಗುತ್ತಾರೆ. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗದ್ದೆಯವರಿಗೆ ಗೊಬ್ಬರ, ಇವರಿಗೆ ಭತ್ತ. ಹೋದಲ್ಲೆಲ್ಲ ನೆಂಟಸ್ತನ ಬೆಳೆಸಿಕೊಂಡು ಬರುತ್ತಾರೆ.

ಕುರಿಗಳಿಗೆಲ್ಲ ಹೆಸರಿದೆ. ನಾನು ಮದುವೆಯಾಗಿ ಬಂದ ವರ್ಷ ಹುಟ್ಟಿದ ಒಂದು ಮರಿಗೆ ನನ್ನ ಹೆಸರಿಟ್ಟರು. ಹೆಮ್ಮೆಯಿಂದ ಕೇಳಿದೆ, "ನನ್ನ ಹೆಸರೇ ಯಾಕೆ ದೊಡ್ಡತ್ತೆ?"

"ಅದೂ ನಿನ್ನಂಗೇ ಕಣೆ, ಎಲೆ ಅಲ್ಲಾಡಿದ್ರೆ ಬೆಚ್ಚತೈತೆ."

ಮಾತು ಸುಳ್ಳಲ್ಲ. ನಾನು ಓದಿದ್ದು ಮೈಸೂರಿನಲ್ಲಿ. ಅಲ್ಲಿ ಕಲಿತ ಬೇರೆಲ್ಲ ಮರೆತರೂ ಹೆದರುವುದನ್ನು ಮರೆತಿಲ್ಲ. ಅಂಜಲಿ ಹುಟ್ಟಿದ ಹೊಸದರಲ್ಲಿ ಹೊಟ್ಟೆನೋವಿನಿಂದ ಅತ್ತರೆ ನಾನು ಮಗುವನ್ನು ತೊಟ್ಟಿಲಲ್ಲಿ ಬಿಟ್ಟು ಫೋನಿನಲ್ಲಿ ಕಾಯಿಲೆ ಹುಡುಕುತ್ತಿದ್ದೆ. ಬಾಣಂತನಕ್ಕೆಂದು ಬಂದಿದ್ದ ದೊಡ್ಡತ್ತೆ ಒಂದು ದಿನ ಫೋನು ಕಿತ್ತುಕೊಂಡು ಅಟ್ಟದ ಮೇಲಿಟ್ಟರು. "ಇದು ಅಳಲ್ಲ, ಬರೀ ಹೆದರಿಸ್ತೈತೆ. ಅಳೋದನ್ನ ಎತ್ಕ ಮೊದಲು" ಅಂದರು. ಎತ್ತಿಕೊಂಡೆ. ಮಗು ಸುಮ್ಮನಾಯಿತು. ಅಂಥವರಿಗೆ ನಾನು ಹೇಗೆ ಹೇಳಲಿ, ನಿಮ್ಮ ಕೈಯ ನೀರು ನನ್ನ ಮಗುವಿನ ತಲೆಗೆ ಬೇಡ ಅಂತ?

ಈ ಹೇನಿನ ವೈದ್ಯ ಶುರುವಾದದ್ದೇ ನನ್ನ ಗಂಡನ ತಲೆಯಿಂದ. ರವೀಂದ್ರ ಪ್ರೈಮರಿಯಲ್ಲಿದ್ದಾಗ ಮೇಷ್ಟ್ರು ಅವನನ್ನು ಎಲ್ಲರೆದುರು ನಿಲ್ಲಿಸಿ, "ತಲೆ ಕ್ಲೀನಾದ ಮೇಲೆ ಬಾ" ಅಂತ ಮನೆಗೆ ಕಳಿಸಿದರಂತೆ. ಹುಡುಗ ರೊಪ್ಪದ ಮೂಲೆಯಲ್ಲಿ ಕೂತು ಅಳುತ್ತಿದ್ದ. ಅವತ್ತು ಕುರಿಗೆ ಔಷಧಿ ಹಾಕುವ ದಿನ. ಕುರಿ ಮೈಯಿಂದ ಉಣ್ಣಿ ಪಟಪಟ ಉದುರುವುದನ್ನು ನೋಡಿದ ದೊಡ್ಡತ್ತೆ, "ಉಣ್ಣಿಯೇ ಸಾಯ್ತೈತೆ, ಹೇನು ಯಾವ ಗಿಡದ ತೊಪ್ಪಲು?" ಅಂತ ಹುಡುಗನ ತಲೆಯನ್ನೂ ಅದೇ ನೀರಿನಲ್ಲಿ ತೊಳೆದು ಬಟ್ಟೆ ಸುತ್ತಿದರು. ಮಾರನೆಯ ದಿನ ಅವನು ತಲೆಯೆತ್ತಿಕೊಂಡು ಶಾಲೆಗೆ ಹೋದ. ಕೇರಿಯ ತಾಯಂದಿರೆಲ್ಲ ಸಾಲು ಹಚ್ಚಿದರು. ಅಲ್ಲಿಂದ ಅದೊಂದು ಹಬ್ಬವೇ ಆಯಿತು. ಕುರಿಯ ತುಪ್ಪಟ ಕತ್ತರಿಸಿ ಔಷಧಿ ಹಾಕುವ ದಿನ ಮಕ್ಕಳು ಬಂದು ಸಾಲಾಗಿ ಕೂರುತ್ತವೆ. ತಲೆ ಕೊಟ್ಟ ಮಗುವಿಗೆ ಮಡಿಲು ತುಂಬ ಮಂಡಕ್ಕಿ ಬೆಲ್ಲ. ಹೇನಿಲ್ಲದ ಮಕ್ಕಳೂ ಮಂಡಕ್ಕಿಗಾಗಿ ತಲೆ ಕೊಡುತ್ತವೆ.

ರವೀಂದ್ರ ಈ ಕತೆಯನ್ನು ಎಷ್ಟು ಸಲ ಹೇಳಿದರೂ ದಣಿಯುವುದಿಲ್ಲ. "ನಂಗೇನಾತು ಹೇಳು? ಚೆನ್ನಾಗಿಲ್ವಾ ನಾನು?"

"ಅದನ್ನೇ ನೋಡ್ತಿದೀನಿ. ಮೊನ್ನೆ ಮೊಸರು ತನ್ನಿ ಅಂದ್ರೆ ಪೊರಕೆ ತಂದ್ರಿ."

ಹೋದ ವರ್ಷ ಆ ಹಬ್ಬವನ್ನು ನಾನು ಕಣ್ಣಾರೆ ಕಂಡೆ. ನೋಡಲು ಚೆನ್ನಾಗಿಯೇ ಇತ್ತು. ಕರಿಸಿದ್ದಪ್ಪ ದೊಡ್ಡಮಾವ ಒಂದೊಂದೇ ಕುರಿಯ ಕಾಲು ಹಿಡಿದು ತರುವುದು, ದೊಡ್ಡತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಟ್ಟಿಯಲ್ಲಿ ಮೊಣಕೈವರೆಗೆ ಕೈಯಿಟ್ಟು ಅದರ ಹೊಟ್ಟೆ, ಕಂಕುಳು, ಬಾಲದ ಬುಡವನ್ನೆಲ್ಲ ಉಜ್ಜುವುದು, ಬೈಯುವುದು, ನಗುವುದು. ಕುರಿ ಮೈ ಒದರಿದರೆ ಆ ನೀರು ಅವರ ಮುಖಕ್ಕೆ. ಒದ್ದೆ ಕೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಡುನಡುವೆ ಅದೇ ಕೈಯಲ್ಲಿ ಚೀಲದಿಂದ ಎಲೆ ತೆಗೆದು ಸುಣ್ಣ ಸವರಿ ಬಾಯಿಗಿಡುತ್ತಿದ್ದರು. ನಾನು ಅಂಗಳದ ತುದಿಯಲ್ಲಿ ನಿಂತಿದ್ದರೂ ಆ ವಾಸನೆಗೆ ಗಂಟಲು ಕೆರೆಯುತ್ತಿತ್ತು.

ಆಮೇಲೆ ಮಕ್ಕಳ ಸರದಿ. ಒಂದು ಹುಡುಗಿಯ ಹಣೆಯಿಂದ ನೀರು ಕಣ್ಣಿಗಿಳಿದು "ಉರೀತೈತೆ ಅಜ್ಜೀ" ಅಂತ ಕಿರುಚಿದಳು. "ಉರೀಲಿ ಬಿಡು, ಹೇನಿಗೂ ಉರೀತಾ ಐತೆ" ಅಂದರು ದೊಡ್ಡತ್ತೆ. ಮಕ್ಕಳೆಲ್ಲ ನಕ್ಕವು. ಉರಿ ಹೆಚ್ಚಾದಷ್ಟೂ ಔಷಧಿ ಹತ್ತಿದೆ ಅಂತ ಅವರೆಲ್ಲರ ನಂಬಿಕೆ. ಕಣ್ಣು ಕೆಂಪಾದ ಹುಡುಗಿಗೆ ಮಂಡಕ್ಕಿ ಎರಡು ಹಿಡಿ ಹೆಚ್ಚು.

ಸಂಜೆಯ ಹೊತ್ತಿಗೆ ದೊಡ್ಡತ್ತೆ ಬೇವಿನ ಮರದ ಕೆಳಗೆ ಮಲಗಿಬಿಟ್ಟರು. ತಲೆ ಗಿರ್ರೆನ್ನುತ್ತದೆ, ಹೊಟ್ಟೆ ತೊಳಸುತ್ತದೆ, ಬೆರಳ ತುದಿಯೆಲ್ಲ ಜುಮ್ಮೆನ್ನುತ್ತದೆ ಅಂದರು. ಎರಡು ಸಲ ವಾಂತಿ. "ಬಿಸ್ಲು ಹೊಡದೈತೆ" ಅಂದರು ದೊಡ್ಡಮಾವ. ಪಕ್ಕದ ಮನೆಯ ಕೊಟ್ರಮ್ಮ, "ಅಷ್ಟು ಜನದ ಎದುರು ಕುಣಕಂಡು ಕೆಲಸ ಮಾಡಿದ್ರೆ ದೃಷ್ಟಿ ಆಗದೆ ಇನ್ನೇನು?" ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಪ್ರತಿವರ್ಷ ಹೀಗೇ ಆಗುತ್ತದೆಂದು ಆಮೇಲೆ ತಿಳಿಯಿತು. ಬಿಸಿಲಿಗೂ ದೃಷ್ಟಿಗೂ ವರ್ಷವಿಡೀ ಸಿಗದ ಕಾಳಕ್ಕ ಔಷಧಿ ಹಾಕುವ ದಿನವೇ ಯಾಕೆ ಸಿಗುತ್ತಾರೆ? ನಾನು ಮೆಲ್ಲಗೆ ಹೋಗಿ ಔಷಧಿ ಡಬ್ಬ ಎತ್ತಿ ನೋಡಿದೆ. ಇರುವೆಯಷ್ಟು ಸಣ್ಣ ಅಕ್ಷರ: ಪಶುಗಳಿಗೆ ಮಾತ್ರ. ಕೈಗವಸು ಹಾಕಿಕೊಳ್ಳಿ. ಬಳಸುವಾಗ ತಿನ್ನಬೇಡಿ, ಕುಡಿಯಬೇಡಿ. ಮಕ್ಕಳಿಂದ ದೂರ ಇಡಿ.

ಅವತ್ತು ಅಂಜಲಿಗೆ ಹೇನಿರಲಿಲ್ಲ. ಅವಳನ್ನು ಎತ್ತಿಕೊಂಡು ಸಂಜೆ ಬಸ್ಸಿಗೆ ಬಂದುಬಿಟ್ಟೆ. ಈ ವರ್ಷ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಫೋನ್ ಬಂದ ಮಾರನೆಯ ದಿನ ಪಶು ಆಸ್ಪತ್ರೆಗೆ ಹೋದೆ. ಕೈಯಲ್ಲಿ ಕುರಿಯೂ ಇಲ್ಲ, ಮೇಕೆಯೂ ಇಲ್ಲ, ಮಗಳೊಬ್ಬಳು. ಡಾಕ್ಟರು ನಮ್ಮಿಬ್ಬರನ್ನೂ ನೋಡಿ, "ಇವಳಿಗೇನಾಗಿದೆ?" ಅಂತ ನಕ್ಕರು. ಆದರೆ ಸಂಗತಿ ಕೇಳಿದ ಮೇಲೆ ನಗಲಿಲ್ಲ.

"ಅದು ಚರ್ಮದಿಂದಲೇ ಒಳಗಿಳಿಯುತ್ತೆ ಮೇಡಂ. ಮಕ್ಕಳ ಚರ್ಮ ತೆಳು. ಮೈ ಚಿಕ್ಕದು, ಸ್ವಲ್ಪ ಹೋದರೂ ಜಾಸ್ತಿ. ತಲೆಯಲ್ಲಿ ಗಾಯ ಇದ್ದರಂತೂ ಮುಗೀತು, ನೇರ ರಕ್ತಕ್ಕೆ. ಗಾಯ ಇರೋ ಕುರಿಗೇ ಹಾಕಬೇಡಿ ಅಂತೀವಿ ನಾವು. ಫಿಟ್ಸ್ ಬಂದು ಮಕ್ಕಳನ್ನ ಆಸ್ಪತ್ರೆಗೆ ಸೇರಿಸಿದ್ದೂ ಕೇಳಿದೀನಿ."

"ಇಷ್ಟು ವರ್ಷ ಏನೂ ಆಗಿಲ್ಲ ಅಂತಾರಲ್ಲ ಸರ್?"

"ಆಗಿರುತ್ತೆ. ತಲೆನೋವು, ವಾಂತಿ ಬಂದಿದ್ದಕ್ಕೆ ಬೇರೆ ಹೆಸರಿಟ್ಟಿರ್ತಾರೆ. ಔಷಧಿ ಒಯ್ಯೋಕೆ ಗಂಡಸರು ಬರ್ತಾರೆ, ಹುಷಾರು ಅಂತ ಅವರಿಗೆ ಹೇಳಿ ಕಳಿಸ್ತೀವಿ. ತೊಟ್ಟಿಯಲ್ಲಿ ಕೈಯಿಡೋ ಹೆಂಗಸರಿಗೆ ಆ ಮಾತು ಮುಟ್ಟೋದೇ ಇಲ್ಲ. ನೀವೇ ಹೇಳಿ. ಮನೆಯವರ ಮಾತು ಕೇಳ್ತಾರೆ."

ಮನೆಯವರ ಮಾತು ಕೇಳುತ್ತಾರೋ ಇಲ್ಲವೋ, ಹೇಳಲು ಮನೆಯವರಿಗೆ ಬಾಯಿ ಬರಬೇಕಲ್ಲ! ಬರುವ ದಾರಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಮನುಷ್ಯರ ಹೇನಿಗೇ ಅಂತ ಇರುವ ಔಷಧಿ ಕೇಳಿ ತಂದೆ. ಸಂತೆಯಲ್ಲಿ ಸೀರಣಿಗೆ ಕೊಂಡೆ, ಹೇನು, ಅದರ ಮೊಟ್ಟೆ ಸೀರು, ಎರಡನ್ನೂ ಎಳೆದು ತೆಗೆಯುವ ಒತ್ತುಹಲ್ಲಿನ ಮರದ ಹಣಿಗೆ. ಅಂಜಲಿಯನ್ನು ಬಿಸಿಲಿಗೆ ಕೂರಿಸಿ ಬಾಚಿದೆ. ಬಿಳಿ ಬಟ್ಟೆಯ ಮೇಲೆ ಬಿದ್ದ ಪ್ರತಿ ಹೇನಿಗೂ ಅವಳು ಟಾಟಾ ಮಾಡಿದಳು. ನಾಲ್ಕಾರು ದಿನದಲ್ಲಿ ತಲೆ ಚೊಕ್ಕಟವಾಯಿತು.

ಹೇನು ಹೋಯಿತು ಅಂದರೆ ಬಿಡುವವರಲ್ಲ ದೊಡ್ಡತ್ತೆ, ತಲೆ ತೊಳೆಸದಿರಲು ಒಂದು ನೆಪ ಬೇಕಿತ್ತು. "ಅದನ್ನ ನಂಗೆ ಬಿಡು" ಅಂದ ರವೀಂದ್ರ. ಬಿಟ್ಟದ್ದೇ ತಪ್ಪು. ನನ್ನೆದುರೇ ಫೋನ್ ಮಾಡಿ, "ದೊಡ್ಡಮ್ಮಾ, ಕೂಸಿಂದು ಮನೆದೇವ್ರಿಗೆ ಮುಡಿ ಹರಕೆ ಐತೆ. ಅಲ್ಲಿಗಂಟ ತಲೆಗೆ ಏನೂ ಹಾಕಂಗಿಲ್ಲ" ಅಂದುಬಿಟ್ಟ. ಫೋನಿಟ್ಟು, ಲೈನ್ ಸರಿಮಾಡಿ ಕಂಬ ಇಳಿದವನ ಹಾಗೆ ಕೈ ಕೊಡವಿಕೊಂಡ.

ಸಂಜೆಯೊಳಗೆ ದೊಡ್ಡತ್ತೆಯ ಫೋನ್. ಸಂತೋಷಕ್ಕೆ ದನಿ ಇನ್ನೂ ಎರಡು ಮೆಟ್ಟಿಲು ಏರಿತ್ತು. "ಹರಕೆ ಹೊತ್ತಿದ್ದು ನನಗೇ ಹೇಳಿಲ್ಲ ನೋಡು ಕಳ್ಳಿ! ಟಗರು ನಾನು ಕೊಡ್ತೀನಿ. ರಾಮಗಿರಿ ಹೆಣ್ಮಕ್ಕಳಿಗೆ ಹೇಳಿದೀನಿ, ಬೀಗರಿಗೂ ಹೇಳಾಣ. ಕ್ಷೌರದ ಚಿತ್ತಪ್ಪನಿಗೆ ಎಲೆ ಅಡಿಕೆ ಕೊಟ್ಟಾಯ್ತು."

ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡ ಅಂಜಲಿ ತನ್ನ ಎರಡೂ ಜಡೆ ಹಿಡಿದುಕೊಂಡು ಮಂಚದ ಕೆಳಗೆ ಸೇರಿದಳು. ಟಗರು ಸತ್ತರೂ ಹೊರಗೆ ಬರುವುದಿಲ್ಲ ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಆಗಲೇ ದೊಡ್ಡತ್ತೆ ಇನ್ನೊಂದು ಮಾತು ಸೇರಿಸಿದರು, ನನ್ನ ನಗು ಅಲ್ಲಿಗೆ ನಿಂತಿತು.

"ಕೊಟ್ರಮ್ಮನ ಮೊಮ್ಮಗಳು ಬಂದೈತೆ ಕಣೆ, ಈಗಿನ್ನೂ ಹೆಜ್ಜೆ ಇಡಾದು ಕಲ್ತೈತೆ. ತಲೆ ತುಂಬ ಹೇನು. ಕೆರದು ಕೆರದು ಹುಣ್ಣು ಮಾಡ್ಕಂಡೈತೆ, ಪಾಪ, ರಾತ್ರಿಯೆಲ್ಲ ಅಳತೈತೆ. ಸೋಮವಾರ ಮೊದಲ ಸರದಿ ಅದರದೇ."

ನನ್ನ ಮಗಳ ತಲೆ ಉಳಿದಿತ್ತು. ಆ ಸಾಲಿನಲ್ಲಿ ಅವಳ ಜಾಗಕ್ಕೆ ಇನ್ನೊಂದು ಮಗು ಬಂದು ಕೂತಿತ್ತು, ಹುಣ್ಣಾದ ತಲೆಯ ಮಗು.

ಶನಿವಾರ ಪೂರ್ತಿ ನಾನು ಫೋನು ಎತ್ತಿದೆ, ಇಟ್ಟೆ. ರವೀಂದ್ರ, "ನೀನು ಹೇಳಿದ್ರೆ ದೊಡ್ಡಮ್ಮ ಬೇಜಾರು ಮಾಡ್ಕಂತಾಳೆ. ಅಷ್ಟು ವರ್ಷದಿಂದ ಮಾಡ್ಕಂಡು ಬಂದಾಳೆ" ಅಂದ. ಅದು ನನಗೆ ಗೊತ್ತಿಲ್ಲವೇ? ಯಾವ ಮಗುವೂ ಶಾಲೆಯಲ್ಲಿ ತಲೆ ತಗ್ಗಿಸಿ ನಿಲ್ಲಬಾರದು ಅಂತ ಶುರು ಮಾಡಿದ ಕೆಲಸ ಅದು. ಅದನ್ನೇ ವಿಷ ಅನ್ನಬೇಕು. ಅನ್ನದೇ ಇದ್ದರೆ ಸೋಮವಾರ ಬೆಳಗ್ಗೆ ಆ ಕೂಸಿನ ಹುಣ್ಣಿನ ಮೇಲೆ ಆ ನೀರು. ಎರಡನ್ನೂ ಎಷ್ಟು ಸಲ ತೂಗಿದರೂ ತಕ್ಕಡಿ ಒಂದೇ ಕಡೆ ವಾಲುತ್ತಿತ್ತು. ನಾನೇ ಸುಮ್ಮನೆ ಮತ್ತೆ ಮತ್ತೆ ತೂಗುತ್ತಿದ್ದೆ.

ಭಾನುವಾರ ಮಧ್ಯಾಹ್ನ, ಅನ್ನಕ್ಕೆ ಇಟ್ಟಿದ್ದವಳು ಒಲೆ ಆರಿಸಿ ಬಂದು ಫೋನ್ ಮಾಡಿದೆ.

"ಯಾರು? ಸುಚಿನಾ? ತಡಿ ತಡಿ, ಮರಿ ಸೆರಗು ತಿಂತಾ ಐತೆ... ಹಾಂ, ಹೇಳವ್ವ. ಟಗರಿನ ವಿಷ್ಯ ತಾನೆ?"

"ಟಗರು ಬೇಡ ದೊಡ್ಡತ್ತೆ. ಹರಕೆ ಇಲ್ಲ. ಅದು ನಿಮ್ಮ ಮಗ ಹೇಳಿದ ಸುಳ್ಳು."

"ಸುಳ್ಳಾ? ಯಾಕೆ?"

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಡಾಕ್ಟರು ಅಂದದ್ದು, ಕೈಗವಸು ಹಾಕಿಕೊಳ್ಳಿ ಅಂತ ಡಬ್ಬದ ಮೇಲೆ ಬರೆದದ್ದು, ಚರ್ಮದಿಂದ ಒಳಗಿಳಿಯುವುದು, ಕೊಟ್ರಮ್ಮನ ಮೊಮ್ಮಗಳ ಹುಣ್ಣು. "ಆ ಮಗುವಿನ ತಲೆಗೆ ಆ ನೀರು ಹಾಕಬೇಡಿ ದೊಡ್ಡತ್ತೆ. ಯಾವ ಮಗುವಿಗೂ ಬೇಡ. ಅದು ವಿಷ."

ಆ ಕಡೆ ಮರಿಯನ್ನು ದೂರ ಅಟ್ಟಿದ ಸದ್ದು.

"ಇಷ್ಟು ದಿನ ನಾನು ಮಕ್ಕಳ ತಲೆಗೆ ವಿಷ ಹುಯ್ದೆ ಅಂತೀಯ?"

"ನಿಮಗೆ ಯಾರೂ ಹೇಳಿರಲಿಲ್ಲ. ಡಬ್ಬದ ಮೇಲೂ ಎಷ್ಟು ಸಣ್ಣ ಅಕ್ಷರ ಅಂದ್ರೆ, ಇರುವೆ ಥರ..."

"ಆನೆ ಥರ ಇದ್ರೂ ನಂಗೆ ಓದಾಕೆ ಬರಬೇಕಲ್ಲ" ಅಂದರು. ದನಿಯಲ್ಲಿ ಸ್ವಲ್ಪ ನಗು ತಿರುಗಿ ಬಂದಿತ್ತು. ಆಮೇಲೆ ದನಿ ತಗ್ಗಿಸಿ ಕೇಳಿದರು. "ನಂಗೆ ಅವತ್ತೊಂದಿನ ತಲೆ ಗಿರ್ ಅಂತೈತಲ್ಲ, ವಾಂತಿ ಆಗತೈತಲ್ಲ. ಅದು ಬಿಸ್ಲು ಅಲ್ವಾ?"

"ಅಲ್ಲ ದೊಡ್ಡತ್ತೆ. ಅದೇ ನೀರು."

"ಹಂಗಾದ್ರೆ ಆ ಕೊಟ್ರಮ್ಮ ಸುಟ್ಟ ಮೆಣಸಿನಕಾಯೆಲ್ಲ ದಂಡ! ಅದರಲ್ಲಿ ಒಂದು ವರ್ಷದ ಸಾರು ಆಗ್ತಿತ್ತು." ಈಗ ನಿಜವಾಗಿಯೂ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು. "ಮೊದಲೇ ಹೇಳಾದಲ್ವಾ ಹುಚ್ಚಿ? ನಾನೇನು ನಿನ್ನ ತಿಂತಿದ್ನಾ? ದೇವ್ರ ಹೆಸರಲ್ಲಿ ಸುಳ್ಳು ಬೇರೆ ಹೇಳ್ಯಾನೆ ಆ ಕತ್ತೆ. ಕೊಡು ಅವನ ಕೈಗೆ ಫೋನು."

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ರವೀಂದ್ರ ಸ್ನಾನದ ಮನೆಗೆ ಓಡಿದ. "ಸ್ನಾನಕ್ಕೆ ಹೋದರು" ಅಂದೆ.

"ಹೋಗ್ಲಿ, ತಲೆ ಚೆನ್ನಾಗಿ ತೊಳ್ಕಳ್ಳಿ. ದೇವ್ರಿಗೆ ಮುಡಿ ಅಂತ ಬಾಯಲ್ಲಿ ಬಂದಮೇಲೆ ಕೊಡಲೇಬೇಕು. ಕೂಸಿಂದು ಬ್ಯಾಡ, ಅವನದೇ ಬೋಳಿಸಾಣ. ಚಿತ್ತಪ್ಪನಿಗೆ ಹೆಂಗೂ ಎಲೆ ಅಡಿಕೆ ಕೊಟ್ಟಾಗೈತೆ."

ಆ ದನಿಗೆ ಸ್ಪೀಕರ್ ಬೇಕಿಲ್ಲ, ಫೋನ್ ಕಂಡೊಡನೆ ಮತ್ತೆ ಮಂಚದ ಕೆಳಗೆ ಸೇರಿದ್ದ ಅಂಜಲಿ ಅಲ್ಲಿಂದಲೇ ಚಪ್ಪಾಳೆ ತಟ್ಟಿದಳು.

"ಅದಿರ್ಲಿ ಸುಚಿ," ಅಂದರು ದೊಡ್ಡತ್ತೆ, ಈಗ ಮೆತ್ತಗೆ. "ನಾಳೆ ಮಕ್ಕಳು ಬತ್ತಾವೆ. ಮಂಡಕ್ಕಿ ಆಗ್ಲೇ ತರಿಸೀನಿ. ಕೊಟ್ರಮ್ಮನ ಮೊಮ್ಮಗು ಕಣ್ಣಿಗೆ ನಿದ್ದೆ ಇಲ್ದಂಗೆ ಅಳತೈತೆ. ವಿಷ ಬ್ಯಾಡ ಸರಿ. ಬರೀ ಕೈಲಿ ಕಳಸ್ಲಾ ಅವುನ್ನ?"

ನನ್ನ ಬಾಯಿ ತಾನೇ ಮಾತಾಡಿತು. "ನಾನು ಬರ್ತೀನಿ ದೊಡ್ಡತ್ತೆ. ಸೀರಣಿಗೆ, ಕೊಬ್ಬರಿ ಎಣ್ಣೆ ಎಲ್ಲ ತರ್ತೀನಿ. ಮಕ್ಕಳನ್ನ ಕುರಿ ತೊಟ್ಟಿಯಿಂದ ದೂರ, ಹಿತ್ತಲಲ್ಲಿ ಕೂರಿಸೋಣ. ಕೊಟ್ರಮ್ಮನ ಮೊಮ್ಮಗಳನ್ನ ಮಾತ್ರ ಮೊದಲು ಶ್ರೀರಾಂಪುರದ ಆಸ್ಪತ್ರೆಗೆ ತೋರಿಸಬೇಕು. ಹುಣ್ಣು ವಾಸಿಯಾದ ಮೇಲೆ ಹೇನು."

"ನೀನು ಹೇನು ತೆಗೀತೀಯಾ? ಊರ ಮಕ್ಕಳದು?"

"ತೆಗೀತೀನಿ."

"ಆಮೇಲೆ ನಿನ್ನ ತಲೆಗೆ ಹತ್ತತಾವೆ."

"ಹತ್ತಿದ್ರೆ ನೀವು ತೆಗೀರಿ."

ಅವರು ಫೋನನ್ನು ಕಿವಿಯಿಂದ ತೆಗೆಯದೆಯೇ ಗೋಡೆಯಾಚೆಗೆ ಕೂಗಿದರು. ನನ್ನ ಕಿವಿ ತಮಟೆಯಾಯಿತು. "ಏ ಕೊಟ್ರಮ್ಮಾ! ನಾಳೆ ಕೂಸಿನ ತಲೆಗೆ ಕುರಿ ನೀರು ಬ್ಯಾಡ್ವಂತೆ, ವಿಷವಂತೆ! ಹುಣ್ಣು ಡಾಕ್ಟ್ರಿಗೆ ತೋರಿಸಾಣ, ಸುಚಿ ಬತ್ತಾಳೆ!"

ಗೋಡೆಯಾಚೆಯಿಂದ ಕೊಟ್ರಮ್ಮನ ದನಿ ಸಣ್ಣಗೆ ಕೇಳಿತು. "ಯಾರು ಹೇಳಿದ್ದು ವಿಷ ಅಂತ? ಇಷ್ಟು ವರ್ಷ ಇರದಿದ್ದು?"

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

"ನಾನು ಹೇಳ್ತಾ ಇದೀನಿ" ಅಂದರು ದೊಡ್ಡತ್ತೆ. "ಹೋದ ವರ್ಷ ವಾಂತಿ ಮಾಡ್ಕಂಡೋಳು ನೀನಾ ನಾನಾ?"

ದೊಡ್ಡತ್ತೆ ಮತ್ತೆ ನನ್ನ ಕಡೆ ತಿರುಗಿದರು. "ಮೊದಲನೇ ಬಸ್ಸಿಗೆ ಬಾ. ಸೀರಣಿಗೆ ಒಂದು ಸಾಕಾಗಲ್ಲ, ಜಾಸ್ತಿ ತಾ. ಕೈಗೆ ಹಾಕ್ಕಳ್ಳಾದು ಅಂದ್ಯಲ್ಲ, ಅದು ನಂಗೊಂದು ಜೊತೆ, ನಿಮ್ಮ ದೊಡ್ಡಮಾವನಿಗೊಂದು ಜೊತೆ. ಅಂಗಡಿಯಾಗೆ ಇರೋದ್ರಲ್ಲೇ ದೊಡ್ಡದು ನೋಡಿ ತಾ ಕಣೆ, ನಿನ್ನ ಕೈ ಅಳತೇಲಿ ತಂದುಬಿಟ್ಟೀಯ."